ಕಾಪಿರೈಟ್ ತಗಾದೆ ಬಂದಾಗ: ಕಲಾವಿದರು, ಬರಹಗಾರರು, ಉದ್ಯಮಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಪಿರೈಟ್ ಜಗಳದಲ್ಲಿ ಎರಡೂ ಕಡೆಯವರು ಹೆದರಿರುತ್ತಾರೆ. ತಿಂಗಳುಗಟ್ಟಲೆ ಕೂತು ಮಾಡಿದ ಕೆಲಸವನ್ನು ಕದ್ದರಲ್ಲ ಅಂತ ಒಬ್ಬರಿಗೆ ಸಂಕಟ. ಗೊತ್ತಿಲ್ಲದೆ ಹಾಕಿದ ಒಂದು ಚಿತ್ರಕ್ಕೆ ನೋಟಿಸ್ ಬಂತಲ್ಲ ಅಂತ ಇನ್ನೊಬ್ಬರಿಗೆ ದಿಗಿಲು. ಇಬ್ಬರ ಪ್ರಶ್ನೆಗಳೂ ಇಲ್ಲಿವೆ. ಕಾನೂನು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಹಾಗೆ ಬದಲಾಗುವ ಕಡೆ ಯಾವ ದೇಶದ ಮಾತು ಎಂದು ಹೇಳಿದ್ದೇನೆ. ನಿಮ್ಮದೇ ಪ್ರಕರಣಕ್ಕೆ ಸಲಹೆ ಬೇಕಾದರೆ ನಿಮ್ಮ ಕಾಗದಪತ್ರ ಓದಿದ ವಕೀಲರನ್ನೇ ಕೇಳಬೇಕು.

ನನ್ನ ಕೆಲಸವನ್ನು ಯಾರೋ ಕದ್ದು ಬಳಸುತ್ತಿದ್ದಾರೆ. ಮೊದಲು ಏನು ಮಾಡಲಿ?

ಮೊದಲು ಸುಮ್ಮನಿರಿ. ಅವರಿಗೆ ಮೆಸೇಜ್ ಮಾಡಬೇಡಿ, ಫೋನ್ ಮಾಡಬೇಡಿ, ನಾಲ್ಕು ಜನರ ಮುಂದೆ ಪೋಸ್ಟ್ ಹಾಕಿ ಬೈಯಬೇಡಿ. ಇದು ಕಷ್ಟ, ನನಗೆ ಗೊತ್ತು. ನನ್ನ ಒಂದು ಲೇಖನವನ್ನು ಯಾರೋ ಪೂರ್ತಿ ಎತ್ತಿ ತಮ್ಮ ಹೆಸರಲ್ಲಿ ಹಾಕಿಕೊಂಡಿದ್ದರು. ನಾನು ಸಿಟ್ಟಿನಲ್ಲಿ ಒಂದು ಉದ್ದದ ಮೇಲ್ ಬರೆದೆ. ಸಂಜೆಯ ಹೊತ್ತಿಗೆ ಆ ಪುಟವೇ ಇರಲಿಲ್ಲ. ಪುರಾವೆಯೂ ಅದರ ಜೊತೆಗೇ ಹೋಯಿತು.

ಆದ್ದರಿಂದ ಮೊದಲ ಕೆಲಸ ಪುರಾವೆ ಹಿಡಿಯುವುದು. ಪುಟದ ಪೂರ್ತಿ ಸ್ಕ್ರೀನ್‌ಶಾಟ್ ತೆಗೆಯಿರಿ. ಅದರಲ್ಲಿ ವೆಬ್ ವಿಳಾಸ, ದಿನಾಂಕ, ಸಮಯ ಕಾಣಬೇಕು. ವಿಡಿಯೋ ಆದರೆ ಸ್ಕ್ರೀನ್ ರೆಕಾರ್ಡ್ ಮಾಡಿ. ವೆಬ್ ಪುಟಗಳ ಪ್ರತಿ ಇಟ್ಟುಕೊಳ್ಳುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಆ ಪುಟವನ್ನು ಉಳಿಸಿ. ಮೂರನೆಯವರ ಬಳಿ ಇರುವ ಪ್ರತಿಯನ್ನು ನೀವೇ ತಿದ್ದಿದ್ದೀರಿ ಅಂತ ಹೇಳುವುದು ಎದುರು ಕಡೆಯವರಿಗೆ ಕಷ್ಟ. ವಸ್ತುವಿನ ಮೇಲೆ ನಿಮ್ಮ ಚಿತ್ರ ಅಚ್ಚಾಗಿದ್ದರೆ ಒಂದನ್ನು ಕೊಂಡು ಬಿಲ್ ಇಟ್ಟುಕೊಳ್ಳಿ.

ಆಮೇಲೆ ನಿಮ್ಮ ಕಡೆಯದ್ದು. ಕ್ಯಾಮೆರಾದ ಮೂಲ ಫೈಲ್, ಲೇಯರ್‌ಗಳಿರುವ ಡಿಸೈನ್ ಫೈಲ್, ಮೊದಲ ಕರಡು, ಗ್ರಾಹಕರಿಗೆ ಕಳಿಸಿದ ಮೇಲ್, ಹಾಡಾದರೆ ಪ್ರಾಜೆಕ್ಟ್ ಫೈಲ್. ಇವನ್ನು ತೆರೆದು ಮತ್ತೆ ಸೇವ್ ಮಾಡಬೇಡಿ, ತಾರೀಖು ಬದಲಾಗಿಬಿಡುತ್ತದೆ. ಇದ್ದ ಹಾಗೇ ಪ್ರತಿ ಮಾಡಿಡಿ. ಕೆಲಸ ಹಂತ ಹಂತವಾಗಿ ಬೆಳೆದ ಗುರುತು ಕದ್ದವರ ಬಳಿ ಇರುವುದಿಲ್ಲ. ನಿಮ್ಮ ಬಲ ಇರುವುದೇ ಅಲ್ಲಿ.

ನಾನು ನೋಂದಣಿ ಮಾಡಿಸಿಲ್ಲ. ಹಕ್ಕು ಹೋಯ್ತಾ?

ಇಲ್ಲ. 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಕೃತಿ ಹುಟ್ಟಿದಾಗಲೇ ಹಕ್ಕೂ ಹುಟ್ಟುತ್ತದೆ. ಜಗತ್ತಿನ ಹೆಚ್ಚುಕಡಿಮೆ ಎಲ್ಲ ದೇಶಗಳೂ ಅದರಲ್ಲಿವೆ. ಅರ್ಜಿ ಬೇಡ, ಸೀಲು ಬೇಡ, ವೃತ್ತದೊಳಗಿನ ‘ಸಿ’ ಗುರುತೂ ಕಡ್ಡಾಯವಲ್ಲ.

ಆದರೂ ನೋಂದಣಿ ವ್ಯರ್ಥ ಅಂತ ತಿಳಿಯಬೇಡಿ. ಭಾರತದಲ್ಲಿ ಕಾಪಿರೈಟ್ ರಿಜಿಸ್ಟರ್‌ನಲ್ಲಿ ನಿಮ್ಮ ಹೆಸರಿದ್ದರೆ ಕೋರ್ಟ್ ಅದನ್ನು ಮೇಲ್ನೋಟದ ಪುರಾವೆ ಎಂದು ಒಪ್ಪುತ್ತದೆ. ಅಲ್ಲ ಎಂದು ತೋರಿಸುವ ಭಾರ ಎದುರಾಳಿಯ ಮೇಲೆ ಬೀಳುತ್ತದೆ. ಅಮೆರಿಕದಲ್ಲಂತೂ ಅಲ್ಲಿನ ಕೃತಿಗೆ ನೋಂದಣಿ ಆಗದೆ ದಾವೆ ಹೂಡಲು ಬರುವುದಿಲ್ಲ. 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಬರೀ ಅರ್ಜಿ ಹಾಕಿದರೆ ಸಾಲದು, ನೋಂದಣಿ ಆಗಿರಬೇಕು ಎಂದಿತು. ಹೊರದೇಶದ ಕೃತಿಗಳಿಗೆ ಈ ಷರತ್ತಿಲ್ಲ. ಆದರೆ ಅಲ್ಲಿನ ಕಾನೂನೇ ನಿಗದಿ ಮಾಡಿದ ಪರಿಹಾರ ಮತ್ತು ವಕೀಲರ ಖರ್ಚು ಬೇಕೆಂದರೆ, ಕಳ್ಳತನಕ್ಕೆ ಮೊದಲೇ ಅಥವಾ ಪ್ರಕಟವಾದ ಮೂರು ತಿಂಗಳೊಳಗೆ ನೋಂದಣಿ ಆಗಿರಬೇಕು. ನಿಮ್ಮ ಓದುಗರೋ ಗ್ರಾಹಕರೋ ಅಮೆರಿಕದಲ್ಲಿ ಜಾಸ್ತಿ ಇದ್ದರೆ ಇದನ್ನು ಮೊದಲೇ ಯೋಚಿಸಿ.

ಕೃತಿಯ ಪ್ರತಿ ಇಟ್ಟು ನಮಗೆ ನಾವೇ ಅಂಚೆಯಲ್ಲಿ ಕಳಿಸಿಕೊಂಡ ಲಕೋಟೆ ನೋಂದಣಿಗೆ ಸಮ ಎಂಬ ನಂಬಿಕೆ ಇದೆ. ಸಮ ಅಲ್ಲ.

ಅವರು ನನ್ನ ಐಡಿಯಾ ಕದ್ದರು. ಕೇಸ್ ಹಾಕಬಹುದಾ?

ಬರೀ ಐಡಿಯಾ ಆದರೆ ಇಲ್ಲ. ಕಾಪಿರೈಟ್ ಕಾಪಾಡುವುದು ಹೇಳಿದ ರೀತಿಯನ್ನು, ಹೇಳಿದ ವಿಚಾರವನ್ನಲ್ಲ. 1879ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ಲೆಕ್ಕ ಬರೆಯುವ ಪುಸ್ತಕವೊಂದರ ವಿಷಯದಲ್ಲಿ ಇದನ್ನು ಹೇಳಿತು. ಪುಸ್ತಕದ ಬರಹ ಲೇಖಕನದ್ದು, ಲೆಕ್ಕ ಇಡುವ ಪದ್ಧತಿ ಎಲ್ಲರದ್ದು. ಭಾರತದ ಸುಪ್ರೀಂ ಕೋರ್ಟ್ 1978ರಲ್ಲಿ ಒಂದು ನಾಟಕ ಮತ್ತು ಸಿನಿಮಾದ ಜಗಳದಲ್ಲಿ ಸರಳವಾದ ಅಳತೆಗೋಲು ಕೊಟ್ಟಿತು. ಎರಡನ್ನೂ ನೋಡಿದ ಪ್ರೇಕ್ಷಕನಿಗೆ, ಇದು ಅದರದೇ ನಕಲು ಎಂದು ಅನುಮಾನವಿಲ್ಲದೆ ಅನಿಸಬೇಕು. ಕಥಾವಸ್ತು ಒಂದೇ, ನಡೆಸಿದ ರೀತಿ ಬೇರೆ ಎಂದಾದರೆ ಅದು ಉಲ್ಲಂಘನೆ ಅಲ್ಲ.

ಐಡಿಯಾವನ್ನು ಕಾಪಾಡುವುದು ಬೇರೆ ದಾರಿಯಲ್ಲಿ. ಯಾರಿಗಾದರೂ ಹೇಳುವ ಮೊದಲು ಗೌಪ್ಯತೆಯ ಒಪ್ಪಂದ ಮಾಡಿಕೊಳ್ಳಿ. ಅದೂ ಆಗದಿದ್ದರೆ, ಯಾರಿಗೆ ಯಾವತ್ತು ಏನು ಹೇಳಿದಿರಿ ಎಂಬುದು ಕಾಣುವಂತೆ ಭೇಟಿ ಮುಗಿದ ಮೇಲೆ ಒಂದು ಮೇಲ್ ಕಳಿಸಿ.

ಮೂವತ್ತು ಸೆಕೆಂಡ್‌ಗಿಂತ ಕಡಿಮೆ ಬಳಸಿದರೆ ತೊಂದರೆ ಇಲ್ಲ ಅಲ್ವಾ? ಕ್ರೆಡಿಟ್ ಕೂಡ ಕೊಟ್ಟಿದ್ದೇನೆ.

ಹಾಗೊಂದು ಸೆಕೆಂಡಿನ ಲೆಕ್ಕ ಕಾನೂನಿನಲ್ಲಿಲ್ಲ. 1985ರಲ್ಲಿ ಅಮೆರಿಕದಲ್ಲಿ ಒಂದು ಪತ್ರಿಕೆ, ಇನ್ನೂ ಪ್ರಕಟವಾಗದ ಒಂದು ಆತ್ಮಕಥೆಯಿಂದ ಸುಮಾರು 300 ಪದ ತೆಗೆದುಕೊಂಡದ್ದೇ ಉಲ್ಲಂಘನೆ ಎಂದಾಯಿತು. ಪೂರ್ತಿ ಹಸ್ತಪ್ರತಿ ಸುಮಾರು 2 ಲಕ್ಷ ಪದಗಳದ್ದು. ಆದರೆ ಆ 300 ಪದಗಳಲ್ಲೇ ಪುಸ್ತಕದ ಜೀವ ಇತ್ತು. 2009ರಲ್ಲಿ ಯುರೋಪಿನ ನ್ಯಾಯಾಲಯ, ಬರಹಗಾರನ ಸ್ವಂತಿಕೆ ಅದರಲ್ಲಿದ್ದರೆ 11 ಪದಗಳ ತುಣುಕಿಗೂ ರಕ್ಷಣೆ ಸಿಗಬಹುದು ಎಂದಿತು. ಎಷ್ಟು ತೆಗೆದುಕೊಂಡಿರಿ ಎಂಬುದಕ್ಕಿಂತ ಯಾವುದನ್ನು ತೆಗೆದುಕೊಂಡಿರಿ, ಯಾಕೆ ತೆಗೆದುಕೊಂಡಿರಿ ಎಂಬುದು ಮುಖ್ಯ.

ವಿಮರ್ಶೆ, ಸುದ್ದಿ, ಸಂಶೋಧನೆ, ಪಾಠ ಇಂಥವಕ್ಕೆ ಅವಕಾಶ ಇದೆ. ಭಾರತ ಮತ್ತು ಬ್ರಿಟನ್‌ನಲ್ಲಿ ಕಾನೂನೇ ಆ ಉದ್ದೇಶಗಳನ್ನು ಹೆಸರಿಸಿದೆ. ಆ ಪಟ್ಟಿಯೊಳಗೆ ನಿಮ್ಮ ಬಳಕೆ ಬರಬೇಕು. ಅಮೆರಿಕದ ‘ಫೇರ್ ಯೂಸ್’ (ನ್ಯಾಯಯುತ ಬಳಕೆ) ನಿಯಮ ಸಡಿಲ. ಬಳಕೆಯ ಉದ್ದೇಶ, ಮೂಲ ಕೃತಿಯ ಸ್ವಭಾವ, ತೆಗೆದುಕೊಂಡ ಪಾಲು, ಮೂಲದ ಮಾರುಕಟ್ಟೆಗೆ ಆದ ಪೆಟ್ಟು, ಈ ನಾಲ್ಕನ್ನೂ ಕೋರ್ಟ್ ತೂಗಿ ನೋಡುತ್ತದೆ. ನೋಡಿ, ಒಂದು ಹಾಡನ್ನು ಬಿಡಿಸಿ ವಿವರಿಸಲು ಅದರ ತುಣುಕು ಹಾಕುವುದೇ ಬೇರೆ. ಜಾಹೀರಾತಿಗೆ ಮೆರುಗು ಬರಲಿ ಎಂದು ಅದೇ ತುಣುಕು ಹಾಕುವುದೇ ಬೇರೆ.

ಕ್ರೆಡಿಟ್ ಕೊಡುವುದು ಒಳ್ಳೆಯ ನಡತೆ. ಆದರೆ ಅದು ಅನುಮತಿ ಅಲ್ಲ. ‘ಉಲ್ಲಂಘನೆಯ ಉದ್ದೇಶವಿಲ್ಲ’ ಎಂದು ಕೆಳಗೆ ಬರೆದರೂ ಪ್ರಯೋಜನವಿಲ್ಲ. ಹಕ್ಕು ಬೇರೆಯವರದ್ದು ಎಂದು ನಿಮಗೆ ಗೊತ್ತಿತ್ತು ಅಂತ ನೀವೇ ಬರೆದುಕೊಟ್ಟಂತೆ ಆಗಬಹುದು.

ದುಡ್ಡು ಕೊಟ್ಟು ಮಾಡಿಸಿದ್ದೇವೆ. ಲೋಗೋ, ವೆಬ್‌ಸೈಟ್, ಫೋಟೋ ಎಲ್ಲ ನಮ್ಮದೇ ಅಲ್ವಾ?

ಉದ್ಯಮಗಳು ಅತಿ ಹೆಚ್ಚು ಎಡವುವುದು ಇಲ್ಲೇ. ಬಿಲ್ ಕಟ್ಟಿದ ಮಾತ್ರಕ್ಕೆ ಹಕ್ಕು ಬರುವುದಿಲ್ಲ.

ಸಂಬಳದ ನೌಕರರು ಕೆಲಸದ ಭಾಗವಾಗಿ ಮಾಡಿದ್ದು ಸಾಮಾನ್ಯವಾಗಿ ಸಂಸ್ಥೆಯದ್ದು. ಹೊರಗಿನ ಫ್ರೀಲ್ಯಾನ್ಸರ್ ಮಾಡಿದ್ದು ಹಾಗಲ್ಲ. 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುಂದೆ ಒಂದು ಶಿಲ್ಪದ ಪ್ರಕರಣ ಬಂತು. ಮಾಡಿಸಿದ್ದು ಒಂದು ಸಂಘ, ಹಣ ಕೊಟ್ಟಿದ್ದೂ ಸಂಘವೇ, ಹೇಗಿರಬೇಕು ಎಂದು ಹೇಳಿದ್ದೂ ಅವರೇ. ಆದರೆ ಶಿಲ್ಪಿ ಅವರ ನೌಕರ ಅಲ್ಲ, ಆದ್ದರಿಂದ ಅದು ಕಾನೂನಿನ ಮಾತಿನಲ್ಲಿ ‘ಕೂಲಿಗೆ ಮಾಡಿಸಿದ ಕೃತಿ’ (ಹಕ್ಕು ತಾನಾಗಿ ಮಾಡಿಸಿದವರಿಗೇ ಸೇರುವ ಕೃತಿ) ಅಲ್ಲ ಎಂದು ಕೋರ್ಟ್ ಹೇಳಿತು. ಬ್ರಿಟನ್‌ನಲ್ಲಿ 1988ರ ಕಾಯ್ದೆ ಬಂದ ಮೇಲೆ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕೂ ಫೋಟೋಗ್ರಾಫರ್‌ದೇ. ಭಾರತದಲ್ಲಿ ಮಾತ್ರ ಉಲ್ಟಾ. ಹಣ ಪಡೆದು ಬೇರೆಯವರ ಕೋರಿಕೆಯ ಮೇಲೆ ತೆಗೆದ ಫೋಟೋ, ಬರೆದ ಚಿತ್ರ, ಮಾಡಿದ ಸಿನಿಮಾ, ಬೇರೆ ಒಪ್ಪಂದ ಇಲ್ಲದಿದ್ದರೆ ಮಾಡಿಸಿದವರದ್ದು. ಆದರೆ ಬರಹ ಮತ್ತು ಸಾಫ್ಟ್‌ವೇರ್ ಆ ಸಾಲಿನಲ್ಲಿ ಇಲ್ಲ. ಒಂದೇ ವೆಬ್‌ಸೈಟ್‌ನಲ್ಲಿ ಚಿತ್ರದ ಹಕ್ಕು ಒಬ್ಬರದ್ದು, ಕೋಡ್‌ನ ಹಕ್ಕು ಇನ್ನೊಬ್ಬರದ್ದು ಆಗಿಬಿಡಬಹುದು!

ದಾರಿ ಒಂದೇ. ಬರೆದು ಸಹಿ ಮಾಡಿ. ಹಕ್ಕು ಪೂರ್ತಿ ವರ್ಗಾವಣೆಯೋ, ಬರೀ ಬಳಸುವ ಲೈಸೆನ್ಸೋ? ಯಾವ ದೇಶಗಳಿಗೆ, ಎಷ್ಟು ವರ್ಷಕ್ಕೆ? ಇದನ್ನು ಸ್ಪಷ್ಟವಾಗಿ ಹಾಕಿ. ಭಾರತದ ಕಾನೂನಿನಲ್ಲಿ ಅವಧಿ ಬರೆಯದಿದ್ದರೆ ವರ್ಗಾವಣೆ 5 ವರ್ಷಕ್ಕೆ ಮಾತ್ರ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಲೆಕ್ಕ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ ಅದು ಬಿದ್ದೂ ಹೋಗುತ್ತದೆ. ಬೇರೆ ರೀತಿ ಬೇಕಿದ್ದರೆ ಒಪ್ಪಂದದಲ್ಲೇ ಹೇಳಬೇಕು. ಡಿಸೈನರ್ ಕೆಲಸವನ್ನು ಬೇರೆಯವರಿಗೆ ಹಂಚಿದ್ದರೆ ಅವರ ಸಹಿಯೂ ಬೇಕು.

ಕಲಾವಿದರಿಗೆ ಒಂದು ಮಾತು. ‘ಪೂರ್ತಿ ಹಣ ಬಂದ ಮೇಲೆ ಮಾತ್ರ ಹಕ್ಕು ವರ್ಗಾವಣೆ’ ಎಂಬ ಒಂದು ಸಾಲನ್ನು ಪ್ರತಿ ಒಪ್ಪಂದದಲ್ಲೂ ಹಾಕಿಸಿ. ಉಳಿದ ದುಡ್ಡಿಗೆ ಅಲೆಯುವ ದಿನ ಆ ಸಾಲು ನಿಮ್ಮ ಕೈಯಲ್ಲಿರಬೇಕು.

ನಮಗೇ ನೋಟಿಸ್ ಬಂದಿದೆ. ಇಷ್ಟು ದಿನದೊಳಗೆ ಇಷ್ಟು ಹಣ ಕೊಡಿ ಅಂತಾರೆ. ಕೊಡಬೇಕಾ?

ಕೂಡಲೇ ಕೊಡಬೇಡಿ. ಕಸದ ಬುಟ್ಟಿಗೂ ಹಾಕಬೇಡಿ.

ಮೊದಲು ಇದು ನಿಜವಾದ ನೋಟಿಸೇ ಎಂದು ನೋಡಿ. ‘ನಿಮ್ಮ ಪುಟದಲ್ಲಿ ಉಲ್ಲಂಘನೆ ಆಗಿದೆ, ವಿವರಕ್ಕೆ ಇಲ್ಲಿ ಒತ್ತಿ’ ಎನ್ನುವ ಮೇಲ್ ಪಾಸ್‌ವರ್ಡ್ ಕದಿಯುವ ಹಳೆಯ ಉಪಾಯ. ಲಿಂಕ್ ಒತ್ತಬೇಡಿ. ಕಳಿಸಿದ ವಕೀಲರು ಅಥವಾ ಸಂಸ್ಥೆಯ ಫೋನ್ ನಂಬರನ್ನು ನೀವೇ ಬೇರೆ ಕಡೆ ಹುಡುಕಿ ವಿಚಾರಿಸಿ.

ನಿಜವಾದರೆ, ನೋಟಿಸ್ ಹೇಳುವ ಚಿತ್ರವನ್ನು ಸಾರ್ವಜನಿಕರಿಗೆ ಕಾಣದಂತೆ ಮಾಡಿ. ಆದರೆ ನಿಮ್ಮ ಬಳಿ ಅದರ ದಾಖಲೆ ಉಳಿಯಲಿ. ಎಂದು ಹಾಕಿದಿರಿ, ಯಾರು ಹಾಕಿದರು, ಎಲ್ಲಿಂದ ಬಂತು, ಎಷ್ಟು ದಿನ ಇತ್ತು, ಎಲ್ಲ. ಪುರಾವೆ ಅಳಿಸಿದವರನ್ನು ಕೋರ್ಟ್ ನಂಬುವುದಿಲ್ಲ. ಡಿಸೈನರ್ ಕೊಟ್ಟ ಚಿತ್ರವಾದರೆ ಅವರ ಒಪ್ಪಂದ ತೆಗೆಯಿರಿ. ಸಿದ್ಧ ಚಿತ್ರ ಮಾರುವ ಸ್ಟಾಕ್ ಸೈಟ್‌ನಲ್ಲಿ ಕೊಂಡಿದ್ದರೆ ಆ ದಿನದ ರಸೀದಿ ಹುಡುಕಿ. ಎಷ್ಟೋ ನೋಟಿಸ್‌ಗಳು ಹಳೆಯ ರಸೀದಿಯೊಂದು ಸಿಕ್ಕರೆ ಅಲ್ಲಿಗೇ ಮುಗಿಯುತ್ತವೆ. ವ್ಯಾಪಾರಕ್ಕೆ ವಿಮೆ ಇದ್ದರೆ ಪಾಲಿಸಿ ಓದಿ. ಇಂಥ ತಗಾದೆಗೂ ರಕ್ಷಣೆ ಇರಬಹುದು, ಆದರೆ ಬೇಗ ತಿಳಿಸಬೇಕು.

ಇನ್ನು ಅವರನ್ನು ಕೇಳಬೇಕಾದದ್ದು. ಈ ಕೃತಿ ನಿಮ್ಮದು ಎನ್ನುವುದಕ್ಕೆ ದಾಖಲೆ ಏನು? ನೀವೇ ಹಕ್ಕುದಾರರೋ, ಅವರ ಏಜೆಂಟರೋ? ಕೇಳಿದ ಮೊತ್ತ ಯಾವ ಲೆಕ್ಕದ ಮೇಲೆ? ಸಾಮಾನ್ಯ ಲೈಸೆನ್ಸ್ ದರ ಎಷ್ಟು? ಮೊದಲು ಕೇಳುವ ಮೊತ್ತ ಕೊನೆಯ ಮೊತ್ತ ಅಲ್ಲ. ಚೌಕಾಸಿಗೆ ಜಾಗ ಇದ್ದೇ ಇರುತ್ತದೆ. ರಾಜಿ ಮಾತುಕತೆಯ ಪತ್ರಗಳನ್ನು ‘ಹಕ್ಕಿಗೆ ಬಾಧೆಯಿಲ್ಲದೆ’ (ವಿದೌಟ್ ಪ್ರೆಜುಡಿಸ್, ಅಂದರೆ ಇದನ್ನು ಮುಂದೆ ನನ್ನ ವಿರುದ್ಧ ಬಳಸುವಂತಿಲ್ಲ) ಎಂಬ ಷರತ್ತಿನ ಮೇಲೆ ಬರೆಯಿರಿ. ಒಳ್ಳೆಯ ಮನಸ್ಸಿನಿಂದ ಕೇಳಿದ ಕ್ಷಮೆಯೂ ಮುಂದೆ ತಪ್ಪೊಪ್ಪಿಗೆ ಎಂದು ಕೋರ್ಟಿನಲ್ಲಿ ಎದುರಾಗಬಹುದು.

ಕ್ರಿಯೇಟಿವ್ ಕಾಮನ್ಸ್ ಚಿತ್ರಕ್ಕೆ (ಷರತ್ತು ಪಾಲಿಸಿದರೆ ಪುಕ್ಕಟೆ ಬಳಸಲು ಬಿಟ್ಟದ್ದು) ಹೆಸರು ಹಾಕಲು ಮರೆತಿದ್ದಕ್ಕೆ ನೋಟಿಸ್ ಬಂದಿದ್ದರೆ ಲೈಸೆನ್ಸ್‌ನ ಆವೃತ್ತಿ ನೋಡಿ. 4.0 ಆವೃತ್ತಿಯಲ್ಲಿ ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ಲೈಸೆನ್ಸ್ ತಾನಾಗಿ ಮರಳುತ್ತದೆ. ಹಿಂದಿನ ಆವೃತ್ತಿಗಳಲ್ಲಿ ಈ ಅನುಕೂಲ ಇಲ್ಲ.

ಆಧಾರವೇ ಇಲ್ಲದೆ ಹೆದರಿಸುತ್ತಿದ್ದರೆ, ಭಾರತದ ಕಾಪಿರೈಟ್ ಕಾಯ್ದೆಯ 60ನೇ ಕಲಂ ಪ್ರಕಾರ ನೀವೇ ಕೋರ್ಟಿಗೆ ಹೋಗಿ ಆ ಬೆದರಿಕೆ ನಿಲ್ಲಿಸಿ ಎಂದು ಕೇಳಬಹುದು.

ಚಾನೆಲ್‌ಗೆ ಸ್ಟ್ರೈಕ್ ಬಂದಿದೆ. ಏನು ಮಾಡಲಿ?

ಅದು ಸ್ಟ್ರೈಕೋ, ಕ್ಲೇಮೋ ಎಂದು ಮೊದಲು ನೋಡಿ. ಯೂಟ್ಯೂಬ್‌ನಲ್ಲಿ ಕಂಟೆಂಟ್ ಐಡಿ (ನಕಲನ್ನು ತಾನೇ ಪತ್ತೆ ಮಾಡುವ ವ್ಯವಸ್ಥೆ) ಕ್ಲೇಮ್ ಬಂದರೆ ಸಾಮಾನ್ಯವಾಗಿ ಜಾಹೀರಾತಿನ ಹಣ ಬೇರೆಯವರಿಗೆ ಹೋಗುತ್ತದೆ, ಇಲ್ಲವೇ ವಿಡಿಯೋ ಕೆಲವು ಕಡೆ ಕಾಣುವುದಿಲ್ಲ. ಚಾನೆಲ್‌ಗೆ ಅಪಾಯ ಇಲ್ಲ. ಸ್ಟ್ರೈಕ್ ಹಾಗಲ್ಲ. ಯಾರೋ ಕಾನೂನುಬದ್ಧವಾಗಿ ತೆಗೆಯಲು ಕೇಳಿದ್ದಾರೆ ಎಂದರ್ಥ. 90 ದಿನದ ಅವಧಿಯಲ್ಲಿ ಮೂರು ಬಂದರೆ ಚಾನೆಲ್ಲೇ ಹೋಗಬಹುದು.

ಯೂಟ್ಯೂಬ್‌ನಂಥ ಬಹಳ ವೇದಿಕೆಗಳು ಅಮೆರಿಕದ 1998ರ ಡಿಎಂಸಿಎ (ಡಿಜಿಟಲ್ ಮಿಲೆನಿಯಮ್ ಕಾಪಿರೈಟ್ ಆಕ್ಟ್) ಕಾನೂನಿನ ದಾರಿಯಲ್ಲೇ ನಡೆಯುತ್ತವೆ. ತಪ್ಪಾಗಿ ತೆಗೆದಿದ್ದಾರೆ ಅನಿಸಿದರೆ ನೀವು ಪ್ರತಿ-ನೋಟಿಸ್ ಕೊಡಬಹುದು. ಆಮೇಲೆ ದೂರು ಕೊಟ್ಟವರು ಕೋರ್ಟಿಗೆ ಹೋಗದಿದ್ದರೆ 10ರಿಂದ 14 ಕೆಲಸದ ದಿನಗಳಲ್ಲಿ ವಿಡಿಯೋ ಮತ್ತೆ ಬರಬೇಕು. ಆದರೆ ಪ್ರತಿ-ನೋಟಿಸ್ ಅಂದರೆ ಸುಮ್ನೆ ಒಂದು ಫಾರ್ಮ್ ಅಲ್ಲ. ನಿಮ್ಮ ಹೆಸರು, ವಿಳಾಸ ಎದುರು ಕಡೆಯವರಿಗೆ ಹೋಗುತ್ತದೆ. ಅಮೆರಿಕದ ಕೋರ್ಟಿನ ಅಧಿಕಾರಕ್ಕೆ ಒಪ್ಪಿದಂತೆಯೂ ಆಗುತ್ತದೆ. ಸಣ್ಣ ವಿಡಿಯೋ ಆದರೆ ದೂರು ಕೊಟ್ಟವರ ಜೊತೆ ಮಾತಾಡಿ ಅವರಿಂದಲೇ ಹಿಂತೆಗೆಸುವುದು ಎಷ್ಟೋ ಸಲ ಬೇಗ ಆಗುತ್ತದೆ.

ಭಾರತದಲ್ಲಿ 2013ರ ಕಾಪಿರೈಟ್ ನಿಯಮಗಳ ಪ್ರಕಾರ, ಸರಿಯಾದ ದೂರು ಬಂದರೆ ವೇದಿಕೆ 36 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕು. ದೂರುದಾರರು 21 ದಿನದೊಳಗೆ ಕೋರ್ಟಿನ ಆದೇಶ ತರದಿದ್ದರೆ ಅದನ್ನು ಮತ್ತೆ ತೆರೆಯಬಹುದು. ತೆಗೆಸಿದ ಮೇಲೆ ಕೈಕಟ್ಟಿ ಕೂರಬಾರದು ಎನ್ನುವುದು ಅದಕ್ಕೇ.

ಸ್ಪರ್ಧಿಯನ್ನು ಹಣಿಯಲು ಸುಳ್ಳು ದೂರು ಕೊಡುವವರಿದ್ದಾರೆ. ಗೊತ್ತಿದ್ದೂ ಸುಳ್ಳು ಹೇಳಿದರೆ ಡಿಎಂಸಿಎ ಅಡಿಯಲ್ಲೇ ನಷ್ಟ ತುಂಬಿಕೊಡಬೇಕಾಗುತ್ತದೆ.

ನನ್ನ ಹೆಸರೇ ತೆಗೆದುಹಾಕಿದ್ದಾರೆ. ಹಕ್ಕು ಮಾರಿದ ಮೇಲೆ ಕೇಳುವ ಹಾಗಿಲ್ಲವೇ?

ಕೇಳಬಹುದು. ಲೇಖಕ ಎಂದು ಗುರುತಿಸಿಕೊಳ್ಳುವ ಹಕ್ಕು, ಕೃತಿಯನ್ನು ಕೆಡಿಸದಂತೆ ತಡೆಯುವ ಹಕ್ಕು, ಇವು ಹಣದ ಹಕ್ಕಿನಿಂದ ಬೇರೆ. ಬರ್ನ್ ಒಪ್ಪಂದಕ್ಕೆ 1928ರಲ್ಲೇ ಇವು ಸೇರಿವೆ. ಶಿಲ್ಪಿ ಅಮರನಾಥ ಸೆಹಗಲ್ ದೆಹಲಿಯ ವಿಜ್ಞಾನ ಭವನಕ್ಕೆ ಮಾಡಿದ ದೊಡ್ಡ ಭಿತ್ತಿಶಿಲ್ಪವನ್ನು ಅವರನ್ನು ಕೇಳದೆ ಕಿತ್ತು ಗೋದಾಮಿಗೆ ಹಾಕಿದ್ದರು. ಅದು ಒಡೆದು ಹಾಳಾಯಿತು. ಕೃತಿ ಸರ್ಕಾರದ್ದೇ. ಆದರೂ 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ಭಾಗವನ್ನು ಅವರಿಗೇ ಮರಳಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಈ ತೀರ್ಪನ್ನು ನೆನೆದಾಗಲೆಲ್ಲ ನನಗೆ ಧೈರ್ಯ ಬರುತ್ತದೆ. ಅಮೆರಿಕದಲ್ಲಿ ಈ ಹಕ್ಕು ಬಹಳ ಕಿರಿದು, ಹೆಚ್ಚಾಗಿ ದೃಶ್ಯ ಕಲೆಗೆ ಮಾತ್ರ.

ವಕೀಲರು ಯಾವಾಗ ಬೇಕು? ಹೇಗೆ ಆರಿಸಲಿ?

ಒಂದು ಚಿತ್ರ ತೆಗೆಸಲು ವಕೀಲರು ಬೇಕಿಲ್ಲ. ವ್ಯಾಪಾರಕ್ಕೆ ಪೆಟ್ಟು ಬಿದ್ದಿದ್ದರೆ, ಎದುರು ಕಡೆಯವರು ವಕೀಲರ ಮೂಲಕ ಬರೆದಿದ್ದರೆ, ಹಕ್ಕು ಯಾರದ್ದೆಂಬುದೇ ಗೊಂದಲವಾಗಿದ್ದರೆ, ಕೋರ್ಟಿನ ಕಾಗದ ಬಂದಿದ್ದರೆ ತಡಮಾಡಬೇಡಿ. ಕಾಲಮಿತಿ ಇದೆ. ಭಾರತ ಮತ್ತು ಅಮೆರಿಕದಲ್ಲಿ ಸಾಮಾನ್ಯವಾಗಿ 3 ವರ್ಷ, ಇಂಗ್ಲೆಂಡಿನಲ್ಲಿ 6 ವರ್ಷ.

ಆಸ್ತಿ ವ್ಯಾಜ್ಯ ನೋಡುವ ವಕೀಲರು ಒಳ್ಳೆಯವರಿರಬಹುದು, ಆದರೆ ಇದು ಬೇರೆ ವಿದ್ಯೆ. ಇಂಥ ಪ್ರಕರಣ ಎಷ್ಟು ನಡೆಸಿದ್ದೀರಿ ಎಂದು ಸಂಕೋಚವಿಲ್ಲದೆ ಕೇಳಿ. ಶುಲ್ಕ ಗಂಟೆಗೋ, ಹಂತಕ್ಕೋ, ಒಟ್ಟು ಮೊತ್ತವೋ ಎಂದು ಬರೆಸಿಕೊಳ್ಳಿ. ಗೆದ್ದ ಹಣದಲ್ಲಿ ಪಾಲು ಎಂಬ ವ್ಯವಸ್ಥೆ ಅಮೆರಿಕದಲ್ಲಿದೆ. ಭಾರತದಲ್ಲಿ ವಕೀಲರಿಗೆ ಅದು ನಿಷಿದ್ಧ. ‘ಗ್ಯಾರಂಟಿ ಗೆಲ್ತೀವಿ’ ಎನ್ನುವವರಿಂದ ದೂರ ಇರಿ. ನಿಮ್ಮ ಪ್ರಕರಣದ ದುರ್ಬಲ ಜಾಗ ಯಾವುದೆಂದು ಮೊದಲ ಭೇಟಿಯಲ್ಲೇ ಹೇಳುವವರು ಸಿಕ್ಕರೆ ಬಿಡಬೇಡಿ.

ನನ್ನ ಬಳಿ ಹಣ ಇಲ್ಲ.

ದಾರಿಗಳಿವೆ. ಭಾರತದಲ್ಲಿ 1987ರ ಕಾಯ್ದೆಯಡಿ ಕಾನೂನು ಸೇವಾ ಪ್ರಾಧಿಕಾರಗಳು ಉಚಿತ ವಕೀಲರನ್ನು ಕೊಡುತ್ತವೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಅರ್ಹರು. ನ್ಯೂಯಾರ್ಕ್‌ನಲ್ಲಿ ಕಲಾವಿದರಿಗಾಗಿಯೇ ವಕೀಲರ ಸ್ವಯಂಸೇವಾ ಸಂಸ್ಥೆಯೊಂದು 1969ರಿಂದ ಇದೆ. ಕಾನೂನು ಕಾಲೇಜುಗಳ ಉಚಿತ ಸಲಹಾ ಕೇಂದ್ರಗಳನ್ನೂ ವಿಚಾರಿಸಿ. ಸಣ್ಣ ಮೊತ್ತದ ಜಗಳಕ್ಕೆ ಅಮೆರಿಕದಲ್ಲಿ 2022ರಲ್ಲಿ ಕಾಪಿರೈಟ್ ಕ್ಲೇಮ್ಸ್ ಬೋರ್ಡ್ ಶುರುವಾಯಿತು. ಅಲ್ಲಿ ಗರಿಷ್ಠ 30,000 ಡಾಲರ್‌ವರೆಗೆ ಕೇಳಬಹುದು, ವಕೀಲರಿಲ್ಲದೆ ವಾದಿಸಬಹುದು. ಆದರೆ ಎದುರಾಳಿ ಬೇಡ ಎಂದರೆ ಅಲ್ಲಿ ನಡೆಯುವುದಿಲ್ಲ. ಇಂಗ್ಲೆಂಡಿನಲ್ಲಿ 10,000 ಪೌಂಡ್‌ವರೆಗಿನ ಪ್ರಕರಣಗಳಿಗೆ ಬೌದ್ಧಿಕ ಆಸ್ತಿ ನ್ಯಾಯಾಲಯದಲ್ಲೇ ಸಣ್ಣ ದಾವೆಗಳ ವಿಭಾಗ ಇದೆ.

ಎಐ ಬಳಸಿ ಮಾಡಿದ ಚಿತ್ರಕ್ಕೆ ಹಕ್ಕು ಇದೆಯಾ?

ಪೂರ್ತಿ ಯಂತ್ರವೇ ಮಾಡಿದ್ದಾದರೆ ಅಮೆರಿಕದಲ್ಲಿ ಇಲ್ಲ. ಲೇಖಕ ಮನುಷ್ಯನೇ ಆಗಿರಬೇಕು ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2025ರ ಮಾರ್ಚ್‌ನಲ್ಲಿ ಹೇಳಿತು. ನಿಮ್ಮ ಕೈಕೆಲಸ ಎಷ್ಟಿದೆಯೋ ಅಷ್ಟಕ್ಕೆ ರಕ್ಷಣೆ. ಬ್ರಾಂಡ್‌ನ ಮುಖ್ಯ ಚಿತ್ರವನ್ನೇ ಹೀಗೆ ಮಾಡಿಸುವ ಮೊದಲು ಇದನ್ನು ಯೋಚಿಸಿ. ನಾಳೆ ಬೇರೆಯವರು ಅದನ್ನೇ ಎತ್ತಿಕೊಂಡರೆ ತಡೆಯಲು ಕೈಯಲ್ಲಿ ಕಾಪಿರೈಟ್ ಇರುವುದಿಲ್ಲ.

ಕೋರ್ಟಿಗೆ ಹೋಗಲೇಬೇಕಾ? ಹೋದರೆ ಏನು ಸಿಗುತ್ತದೆ?

ಹೆಚ್ಚಿನವು ಪತ್ರದಲ್ಲೋ ಮಾತುಕತೆಯಲ್ಲೋ ಮುಗಿದರೇ ಒಳ್ಳೆಯದು. ಭಾರತದಲ್ಲಿ ವಾಣಿಜ್ಯ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ. ತುರ್ತು ತಡೆಯಾಜ್ಞೆ ಬೇಕಾದಾಗ ಮಾತ್ರ ವಿನಾಯಿತಿ. ಎರಡು ದೇಶದವರ ಜಗಳಕ್ಕೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಮಧ್ಯಸ್ಥಿಕೆ ಕೇಂದ್ರ 1994ರಿಂದ ಜಿನೀವಾದಲ್ಲಿದೆ. ರಾಜಿಯಲ್ಲಿ ಸಿಗುವ ಕೆಲವು ಸಂಗತಿಗಳನ್ನು ಕೋರ್ಟ್ ಕೊಡಲಾರದು. ಮುಂದಿನ ವರ್ಷದ ಕೆಲಸ, ನಿಗದಿತ ಜಾಗದಲ್ಲಿ ಹೆಸರು, ಹಳೆಯ ಬಳಕೆಗೂ ಸೇರಿಸಿ ಲೈಸೆನ್ಸ್, ಹೀಗೆ.

ಕೋರ್ಟ್ ಕೊಡುವುದರಲ್ಲಿ ಮುಖ್ಯವಾದದ್ದು ತಡೆಯಾಜ್ಞೆ. ಅದನ್ನು ಬೇಗ ಕೇಳಬೇಕು. ಆರು ತಿಂಗಳು ನೋಡಿಕೊಂಡು ಸುಮ್ಮನಿದ್ದು ಆಮೇಲೆ ತುರ್ತು ಎಂದರೆ ನ್ಯಾಯಾಧೀಶರು ಒಪ್ಪುವುದು ಕಷ್ಟ. ಆಮೇಲೆ ನಷ್ಟ ಪರಿಹಾರ, ಅಥವಾ ಅವರು ಮಾಡಿದ ಲಾಭದ ಲೆಕ್ಕ. ಅಮೆರಿಕದಲ್ಲಿ ಕಾನೂನೇ ಒಂದು ಕೃತಿಗೆ 750ರಿಂದ 30,000 ಡಾಲರ್, ಬೇಕೆಂದೇ ಮಾಡಿದ್ದಾದರೆ 1,50,000 ಡಾಲರ್‌ವರೆಗೆ ಗೊತ್ತುಮಾಡಿದೆ. ಭಾರತದಲ್ಲಿ ಗೊತ್ತಿದ್ದೂ ಉಲ್ಲಂಘಿಸುವುದು ಅಪರಾಧವೂ ಹೌದು. 6 ತಿಂಗಳಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ದಾವೆಯನ್ನು ನೀವು ವಾಸಿಸುವ ಅಥವಾ ವ್ಯಾಪಾರ ಮಾಡುವ ಊರಿನ ಜಿಲ್ಲಾ ಕೋರ್ಟಿನಲ್ಲೇ ಹೂಡಬಹುದು ಎಂಬುದು ಸಣ್ಣ ಕಲಾವಿದರಿಗೆ ದೊಡ್ಡ ಅನುಕೂಲ.

ಮೊದಲ ಭೇಟಿಗೆ ಏನು ಒಯ್ಯಲಿ?

ಒಂದೇ ಹಾಳೆಯಲ್ಲಿ ತಾರೀಖಿನ ಪ್ರಕಾರ ಕಥೆ. ಯಾವತ್ತು ಮಾಡಿದಿರಿ, ಯಾವತ್ತು ಪ್ರಕಟಿಸಿದಿರಿ, ಯಾವತ್ತು ನಕಲು ಕಣ್ಣಿಗೆ ಬಿತ್ತು, ಆಮೇಲೆ ಯಾರು ಏನು ಬರೆದರು. ಅದರ ಹಿಂದೆ ಒಪ್ಪಂದ, ಬಿಲ್ಲು, ಮೇಲ್, ಸ್ಕ್ರೀನ್‌ಶಾಟ್ ಜೋಡಿಸಿ. ನಿಮಗೆ ಮುಜುಗರ ತರುವ ಕಾಗದವನ್ನೂ ಅದರಲ್ಲಿಡಿ. ಎದುರಾಳಿಯ ವಕೀಲರ ಬಾಯಿಂದ ಅದನ್ನು ಮೊದಲ ಸಲ ಕೇಳುವ ಪರಿಸ್ಥಿತಿ ನಿಮ್ಮ ವಕೀಲರಿಗೆ ಬರಬಾರದು. ಕೊನೆಯಲ್ಲಿ ನಿಮಗೆ ಏನು ಬೇಕು ಎಂದು ಒಂದು ಸಾಲು ಬರೆಯಿರಿ. ಹಣವೋ, ಹೆಸರೋ, ಬರೀ ನಿಲ್ಲಿಸಿದರೆ ಸಾಕೋ? ವಕೀಲರು ಮೊದಲು ಕೇಳುವುದು ಅದನ್ನೇ.